ಚೌಕಕ್ಕೆ ಎಷ್ಟು ಚುಕ್ಕಿ?

ಇಲ್ಲದ ಊರಿಗೆ ಗಡಿಕಲ್ಲು ನೆಟ್ಟು, ಹುಟ್ಟೇ ಇರದ ರಾಕ್ಷಸನಿಗೆ ನೋಟೀಸು ಜಾರಿ ಮಾಡಿದ ಮನುಷ್ಯರು ಈ ಭೂಮಿಯ ಮೇಲೆ ಎಷ್ಟು ಜನ ಇರಬಹುದು? ನನಗೆ ತಿಳಿದಂತೆ ಒಬ್ಬರೇ. ಅವರು ಹೊಳಲ್ಕೆರೆಯಲ್ಲಿದ್ದಾರೆ, ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹದಲ್ಲಿರುವ ಅಳತೆಗಳನ್ನೆಲ್ಲ ತಾಳೆ ನೋಡಿ, ತಪ್ಪಿರುವ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸ್ಸು ಕಳಿಸುತ್ತಾರೆ. ಹೇಳದಿದ್ದರೂ ಕಳಿಸಬಹುದು!

ಮಾವ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿ ಜಿಲ್ಲೆಯ ಹೊಲಗಳನ್ನೆಲ್ಲ ಸರಪಳಿ ಎಳೆದು ಅಳೆದವರು. ಆಮೇಲೆ ನಿವೃತ್ತರಾದರು. ನಿವೃತ್ತಿ ಇಲಾಖೆಯಿಂದ ಮಾತ್ರ, ಅಳತೆಯಿಂದ ಅಲ್ಲ. ನನ್ನ ತಂಗಿ ಸುಧಾಳ ಮದುವೆ ಮಾತುಕತೆಗೆ ಹಿರಿಯೂರಿಗೆ ಹೋದಾಗ ಎಲ್ಲರೂ ಒಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ, ಮಾವ ಹೊರಗೆ ಹೆಜ್ಜೆ ಎಣಿಸುತ್ತಿದ್ದರು. ಒಳಗೆ ಬಂದವರು ಗಂಡಿನ ತಂದೆಯ ಎದುರು ಕೂತು, ನಿಮ್ಮ ಕಾಂಪೌಂಡು ರಸ್ತೆಗೆ ಒಂದೂವರೆ ಅಡಿ ಮುಂದೆ ಬಂದಿದೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಸಂಬಂಧ ಮುರಿಯಿತೆಂದು ಅಮ್ಮ ಕಣ್ಣೊರೆಸಿಕೊಂಡರು. ಮುರಿಯಲಿಲ್ಲ. ಮದುವೆಗೆ ಮುಂಚೆ ಅವರೇ ಕಾಂಪೌಂಡು ಒಡೆಸಿದರು! ಒಂದೂವರೆ ಅಡಿಯೋ ಎರಡಡಿಯೋ, ನನಗೆ ಈಗ ಖಚಿತವಿಲ್ಲ. ನಾನು ಇತಿಹಾಸ ಓದಿ ಅದನ್ನೇ ಚಿತ್ರದುರ್ಗದಲ್ಲಿ ಪಾಠ ಮಾಡುವವನು. ಕಣ್ಣಾರೆ ಕಂಡೆ ಎನ್ನುವವರಿಗೆ ಪುರಾವೆ ಕೇಳಿ ಕೇಳಿ, ಈಗ ನನ್ನ ನೆನಪಿಗೇ ಪುರಾವೆ ಕೇಳುವ ರೋಗ ಹತ್ತಿದೆ. ಸುಧಾಳಿಗೆ ಫೋನು ಮಾಡಿದರೆ ಅವಳು, ಉಪ್ಪಿಟ್ಟಲ್ಲ, ಅವಲಕ್ಕಿ ಎನ್ನುತ್ತಾಳೆ.

ಈಗ ಆಟಕ್ಕೆ ಬರೋಣ. ಇದರಲ್ಲಿ ನಾಲ್ಕೈದು ಜನ ಸೇರಿ ಒಂದು ಕಥೆಯನ್ನು ಆಡುತ್ತಾರೆ. ಒಬ್ಬರು ಯಜಮಾನ. ಊರು, ಕೋಟೆ, ಗುಹೆ, ರಾಕ್ಷಸರು ಎಲ್ಲ ಅವರ ಸೃಷ್ಟಿ. ಉಳಿದವರು ಒಬ್ಬೊಬ್ಬ ವೀರನಾಗಿ ಆ ಲೋಕದಲ್ಲಿ ನಡೆಯುತ್ತಾರೆ. ಹೊಡೆತ ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಮೊದಲು ಇದನ್ನು ಮೇಜಿನ ಸುತ್ತ ಕೂತು ಆಡುತ್ತಿದ್ದರಂತೆ. ಈಗ ಮೇಜೂ ಕಂಪ್ಯೂಟರಿನೊಳಗೆ ಹೋಗಿದೆ. ಪರದೆಯ ಮೇಲೆ ಚೌಕುಳಿ ಹಾಕಿದ ಒಂದು ನಕ್ಷೆ, ನಕ್ಷೆಯ ಮೇಲೆ ನಮ್ಮ ವೀರರ ದುಂಡು ಬಿಲ್ಲೆಗಳು. ಯಾರು ಯಾವ ಊರಲ್ಲಿದ್ದರೂ ತಮ್ಮ ಬಿಲ್ಲೆ ಸರಿಸಬಹುದು, ಮಾತು ಕೇಳಬಹುದು.

ಹಾಸ್ಟೆಲಿನಲ್ಲಿ ಈ ಆಟ ಕಲಿತವಳು ಸುಧಾ. ಈಗ ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ ಸಂಸಾರ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ಕೊರೋನಾ ದಿನಗಳಲ್ಲಿ ಅವಳು ನನ್ನನ್ನೂ ಮಾವನನ್ನೂ ಆಟಕ್ಕೆ ಎಳೆದಳು. ಆಗ ಯಜಮಾನಿಕೆ ಅವಳದ್ದೇ. ಎಲ್ಲಿಂದಲೋ ಇಳಿಸಿಕೊಂಡ ಕೋಟೆಯ ಒಂದು ನಕ್ಷೆ ತೋರಿಸಿದಳು. ಮಾವ ಬಹಳ ಹೊತ್ತು ನೋಡಿದರು.

"ಇದನ್ನ ಬರ್ದೋನು ಯಾರವ್ವ? ಉತ್ತರ ದಿಕ್ಕೇ ಇಲ್ಲ. ಈ ಕೋಟೆಯೊಳಗೆ ಹೋದೋರು ವಾಪಸ್ ಬರ್ತಾರೇನು?"

ಮುಂದಿನ ಭಾನುವಾರಕ್ಕೆ ಯಜಮಾನಿಕೆ ಹೊಳಲ್ಕೆರೆಗೆ ವರ್ಗವಾಗಿತ್ತು.

ನಾಲ್ಕನೆಯವನನ್ನು ಮಾವನೇ ಸೇರಿಸಿದರು. ಹೊಸದುರ್ಗದ ಬಾಗೂರಿನ ತಿಪ್ಪಣ್ಣ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮಾವನ ಜೊತೆ ಸರಪಳಿ ಹಿಡಿಯಲು ಬಂದವನು. ಸರಪಳಿಯ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ತುದಿ ಹಿಡಿದು ಮುಳ್ಳು, ಹಳ್ಳ, ಹಾವು ಏನಿದ್ದರೂ ಮುಂದೆ ಹೋಗುವುದು ತಿಪ್ಪಣ್ಣನ ಕೆಲಸ. ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವನು, ಅದಕ್ಕೇ ಏಕವಚನ. ಹೆಗಲು ಬೇರೆ ಯಾರದ್ದೋ ಇದ್ದಿರಲೂಬಹುದು. ಎತ್ತರ ಮಾತ್ರ ನೆನಪಿದೆ.

ತಿಪ್ಪಣ್ಣನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಮಲಗಿಬಿಟ್ಟಿದ್ದವು. ಮಗಳು ಗೌರಮ್ಮನ ಮನೆಯಲ್ಲಿದ್ದ. ವಾರದ ಆರು ದಿನ ಅವನ ಲೋಕ ಎಂದರೆ ಒಂದು ಮಂಚ, ಒಂದು ಕಿಟಕಿ. ಭಾನುವಾರ ಮಧ್ಯಾಹ್ನ ಮೂರಕ್ಕೆ ಗೌರಮ್ಮ ದಿಂಬಿಗೆ ಫೋನು ಆನಿಸಿ ಇಟ್ಟಾಗ ಮಾತ್ರ ಅವನು ಹೊರಗೆ ಹೋಗುತ್ತಿದ್ದ. ಆಟದಲ್ಲಿ ಯಾವ ವೀರ ಬೇಕು ಎಂದು ಸುಧಾ ಕೇಳಿದ್ದಳು. ಮಂತ್ರವಾದಿ, ಬಿಲ್ಲುಗಾರ, ವೈದ್ಯ ಎಂದೆಲ್ಲ ಹೇಳಿದಳು. ಅವನು, ಎಲ್ಲರಿಗಿಂತ ಮುಂದೆ ಹೋಗಿ ದಾರಿ ನೋಡಿಕೊಂಡು ಬರುವವನು ಯಾರಾದರೂ ಇದ್ದರೆ ಅದೇ ಸಾಕು ಎಂದ. ಹಾಗೆ ಅವನು ನಮ್ಮ ಬೇಹುಗಾರನಾದ.

ಅವನ ಫೋನು ಮೊಮ್ಮಗಳು ಬಳಸಿ ಬಿಟ್ಟದ್ದು. ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ದೊಡ್ಡ ನಕ್ಷೆ ಬಂದರೆ ಏದುಸಿರು ಬಿಡುತ್ತಿತ್ತು. ನಕ್ಷೆ ತೆರೆದುಕೊಂಡರೆ ತಿಪ್ಪಣ್ಣ ಹೊರಗೆ, ತೆರೆದುಕೊಳ್ಳದಿದ್ದರೆ ಮಂಚದ ಮೇಲೆ. ಲೆಕ್ಕ ಇಷ್ಟೇ. ಆ ಲೆಕ್ಕ ಇದ್ದದ್ದು ನಕ್ಷೆ ಬರೆಯುವವರ ಕೈಯಲ್ಲಿ.

ಮಾವನ ಯಜಮಾನಿಕೆಯ ವೈಖರಿ ಹೇಗಿತ್ತು ಗೊತ್ತೆ? ಒಮ್ಮೆ ನಾವು ನಿಧಿ ಇರುವ ಗುಹೆಯ ಬಾಯಿಗೆ ಬಂದು ನಿಂತಿದ್ದೆವು. ಪಕ್ಕದ ಗುಹೆಯಲ್ಲಿ ಒಬ್ಬ ದೈತ್ಯ. ನಾನು ಕತ್ತಿ ಹಿರಿದು, ದಾಳ ಉರುಳಿಸಲು ಬೆರಳೆತ್ತಿದ್ದೆ. ಮಾವ ತಡೆದರು. ಒಂದು ಜಾಗವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಮುಂಚೆ ಅಳತೆ ಆಗಬೇಕು, ಅಳತೆಗೆ ಮುಂಚೆ ಬಾಜುದಾರರಿಗೆ, ಅಂದರೆ ಅಕ್ಕಪಕ್ಕದವರಿಗೆ, ನೋಟೀಸು ಹೋಗಬೇಕು. ಪೂರ್ವಕ್ಕೆ ದೈತ್ಯ, ಪಶ್ಚಿಮಕ್ಕೆ ಒಂದು ಪ್ರೇತ. ಪ್ರೇತ ಮನೆಯಲ್ಲಿರಲಿಲ್ಲವಾದ್ದರಿಂದ ಅದರ ನೋಟೀಸನ್ನು ಬಾವಿಕಟ್ಟೆಗೆ ಅಂಟಿಸಿ ಬರಲು ತಿಪ್ಪಣ್ಣನ ವೀರ ಹೋದ. ದೈತ್ಯ ತಕರಾರು ಅರ್ಜಿ ಹಾಕಿದ. ಎರಡು ಭಾನುವಾರ ವಿಚಾರಣೆ ನಡೆಯಿತು. ನಾನು ಕತ್ತಿ ಹಿರಿದುಕೊಂಡೇ ಕೂತಿದ್ದೆ. ಕೊನೆಗೆ ಅಳೆದು ನೋಡಿದರೆ ನಿಧಿಯ ಗುಹೆ ಪೂರ್ತಿಯಾಗಿ ದೈತ್ಯನದ್ದೇ! ನಾವು ಅವನ ಕ್ಷಮೆ ಕೇಳಿ ಬಂದೆವು. ಇಂಥ ನ್ಯಾಯ ಯಾವ ಸಾಮ್ರಾಜ್ಯದಲ್ಲಿ ನಡೆದಿದೆ, ಹೇಳಿ? ನಾನು ಓದಿದ ಯಾವ ಶಾಸನದಲ್ಲೂ ಇಲ್ಲ.

ಸುಧಾಳ ವೀರೆ ಬೆಂಕಿಯಲ್ಲಿ ಸತ್ತದ್ದು ಅದಾದ ಮೇಲೆ, ಅಥವಾ ಅದಕ್ಕೂ ಮುಂಚೆ. ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು, ಒಳಗೆ ನಾವು ಮೂವರು. ಆಟದ ನಿಯಮದಂತೆ ಒಂದು ಚೌಕ ಎಂದರೆ ಐದಡಿ, ಒಂದು ಸರದಿಗೆ ಆರು ಚೌಕ ನಡೆಯಬಹುದು. ಎರಡು ಸರದಿಯಲ್ಲಿ ಹೊರಗೆ ಬೀಳಬೇಕಾದವರು ಐದು ಸರದಿ ನಡೆದರೂ ಬಾಗಿಲು ಸಿಗಲಿಲ್ಲ. ಹೊಸ್ತಿಲಿಗೆ ಇನ್ನೊಂದೇ ಚೌಕ ಇರುವಾಗ ಸುಧಾಳ ವೀರೆ ಬೂದಿಯಾದಳು. ಅವಳು ಬಬ್ಬೂರಿನಲ್ಲಿ ನಿಜವಾಗಿಯೂ ಅತ್ತಳು. ನಾನು ದಾಳವನ್ನು ಅನುಮಾನಿಸಿದೆ, ಬೆಂಕಿಯನ್ನು ಅನುಮಾನಿಸಿದೆ. ಮಂಚದ ಮೇಲಿನಿಂದ ನಗುತ್ತಾ ತಪ್ಪು ಹಿಡಿದವನು ತಿಪ್ಪಣ್ಣ.

"ಸಾಹೇಬ್ರೆ, ನೀವು ಆಣೆ ಲೆಕ್ಕ ಹಾಕೀರಿ."

ನಮ್ಮ ಕಡೆಯ ಸರ್ವೆ ಸರಪಳಿ ಮೂವತ್ಮೂರು ಅಡಿ. ಅದಕ್ಕೆ ಹದಿನಾರು ಭಾಗ, ಒಂದೊಂದು ಭಾಗಕ್ಕೆ ಆಣೆ ಎಂದು ಹೆಸರು. ಒಂದು ಆಣೆ ಹೆಚ್ಚುಕಡಿಮೆ ಎರಡಡಿ. ಬದುಕಿಡೀ ಅದರಲ್ಲೇ ಅಳೆದ ಮಾವನ ಕೈ, ಮಾವನನ್ನು ಕೇಳದೆಯೇ ಚೌಕಕ್ಕೊಂದು ಆಣೆಯಂತೆ ಉಗ್ರಾಣವನ್ನು ಬರೆದುಬಿಟ್ಟಿತ್ತು! ನಮ್ಮ ವೀರರು ಎರಡೂವರೆ ಪಟ್ಟು ಉದ್ದದ ಉಗ್ರಾಣದಲ್ಲಿ ಓಡುತ್ತಿದ್ದರು.

"ಹೌದಲ್ಲೋ," ಎಂದರು ಮಾವ. ಬೇರೆ ಯಾರಾದರೂ ಆಗಿದ್ದರೆ, ಆಟ ತಾನೇ ಎಂದು ಬಿಟ್ಟುಬಿಡುತ್ತಿದ್ದರು. ಮಾವ ಮರುದಿನವೇ ಮರು ಅಳತೆ ಮಾಡಿ, ಮಹಜರು ಬರೆದು, ನಾವು ಮೂವರೂ ಒಪ್ಪಿದ್ದೇವೆಂದು ನಮೂದಿಸಿ, "ಅಳತೆ ದೋಷದಿಂದ ಸಂಭವಿಸಿದ ಸದರಿ ಮರಣವನ್ನು ರದ್ದುಪಡಿಸಲಾಗಿದೆ" ಎಂದು ಆದೇಶ ಹೊರಡಿಸಿದರು. ಸುಧಾ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ. ತಮ್ಮ ತಪ್ಪನ್ನು ಹೀಗೆ ಬರೆದು ಸಹಿ ಹಾಕಿ ಕೊಡುವ ಮನುಷ್ಯರನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ಇಷ್ಟಾದರೂ ಎಲ್ಲ ಸುಗಮವಾಗಿತ್ತು. ನಕ್ಷೆ ತೆರೆಯುತ್ತಿತ್ತು, ತಿಪ್ಪಣ್ಣ ಮುಂದೆ ಹೋಗುತ್ತಿದ್ದ. ಸಮಸ್ಯೆ ಶುರುವಾದದ್ದು ಚುಕ್ಕಿಯಿಂದ.

ಕಂಪ್ಯೂಟರಿನ ಚಿತ್ರವೆಲ್ಲ ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದೆಯಷ್ಟೆ? ನಕ್ಷೆಯ ಒಂದು ಚೌಕದ ಬದಿಗೆ ಎಷ್ಟು ಚುಕ್ಕಿ ಇಡಬೇಕು ಎಂಬುದು ಈ ಆಟದವರ ನಿತ್ಯದ ಜಗಳ. ಹೆಚ್ಚು ಇಟ್ಟರೆ ನಕ್ಷೆ ಚೊಕ್ಕ, ಆದರೆ ಭಾರ. ಕಡಿಮೆ ಇಟ್ಟರೆ ಹಗುರ, ಆದರೆ ಮಸುಕು. ಎಪ್ಪತ್ತು ಸಾಕು, ಬಹಳ ಆಸೆಯಿದ್ದರೆ ನೂರಾ ನಲವತ್ತು ಎಂದು ಸುಧಾ ಹೇಳಿಕೊಟ್ಟಳು. ಮಾವ ಎಪ್ಪತ್ತರಲ್ಲಿ ಒಂದು ಬಂಡೆ ಬರೆದು ನೋಡಿದರು.

"ಕಲ್ಲು ಕಲ್ಲಿನ ಹಂಗೆ ಕಾಣಲ್ಲವ್ವ. ಬೆಲ್ಲದ ಹಂಗೆ ಕಾಣ್ತೈತೆ."

ಮುನ್ನೂರಕ್ಕೆ ಹೋದರು. ಒಂದು ದೊಡ್ಡ ಕೋಟೆಯನ್ನು ಮುನ್ನೂರು ಚುಕ್ಕಿಯಲ್ಲಿ ಬರೆದು ಹಾಕಿದರೆ ಆಟದ ಜಾಲತಾಣ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಚಿತ್ರಕ್ಕೆ ಇಂತಿಷ್ಟೇ ಗಾತ್ರ ಎಂಬ ಮಿತಿ ಇದೆ ಎಂದು ಸುಧಾ ವಿವರಿಸಿದಳು. ಮಾವ ಬೇಸರಪಟ್ಟುಕೊಂಡರು. "ಭೂಮಿಗೆ ಸೀಲಿಂಗ್ ಇತ್ತು, ಗೊತ್ತು. ಚುಕ್ಕಿಗೂ ಐತೇನು?"

ನಾನು ತಮಾಷೆ ಮಾಡಿದೆ. ಊಹೆಯ ಕೋಟೆಗೆ ಇಷ್ಟೇಕೆ ನಿಖರತೆ ಎಂದೆ. ಮಾವ ನಗಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮೊಂಡು ಪೆನ್ಸಿಲಿನಲ್ಲಿ ಎರಡು ಹೊಲಗಳ ನಡುವಿನ ಗಡಿ ಎಳೆದಿದ್ದರಂತೆ. ಕಾಗದದ ಮೇಲೆ ಕೂದಲೆಳೆಯಷ್ಟು ದಪ್ಪ. ಹೊಲದಲ್ಲಿ ಅದು ಒಂದು ಸಾಲು ಶೇಂಗಾ. ಆ ಸಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರು. "ಗೆರೆ ದಪ್ಪ ಆದ್ರೆ ಯಾರೋ ಒಬ್ಬರ ಹೊಲ ಸಣ್ಣದಾಗ್ತೈತೆ ಕಣಪ್ಪ," ಎಂದರು. ಆಮೇಲೆ ನಾನು ಆ ವಿಷಯದಲ್ಲಿ ತಮಾಷೆ ಮಾಡಲಿಲ್ಲ.

ಮುಂದಿನ ಕಥೆಗೆ ಚಂದ್ರವಳ್ಳಿಯ ಗುಹೆಗಳಂಥ ಗುಹೆ ಬೇಕು ಎಂದು ತೀರ್ಮಾನಿಸಿ ಮಾವ ಟೇಪು ಹಿಡಿದು ದುರ್ಗಕ್ಕೆ ಬಂದರು. ಒಳಗೆ ಇಳಿದ ಮೇಲೆ ದಾರಿ ಎಡಕ್ಕೆ ತಿರುಗುತ್ತದೆ ಎಂದು ನಾನು ವಾದಿಸಿದ್ದೆ. ಎಷ್ಟು ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿಲ್ಲ! ಮಾವ ಬಲಕ್ಕೆ ಎಂದಿದ್ದರು. ನಾನು ಹೇಳಿದ ಜಾಗದಲ್ಲಿ ಯಾವ ತಿರುವೂ ಇರಲಿಲ್ಲ. ಅವರು ಹೇಳಿದ ತಿರುವು ಇನ್ನೂ ನಾಲ್ಕು ಹೆಜ್ಜೆ ಮುಂದೆ, ಬಲಕ್ಕೇ ಇತ್ತು. ನಾನು ಕತ್ತಲೆಯನ್ನು ದೂರಿದೆ. ಮಾವ ಟೇಪಿನ ಒಂದು ತುದಿಯನ್ನು ಟಾರ್ಚು ಹಿಡಿದ ಗೈಡಿನ ಕೈಗೆ ಕೊಟ್ಟು, ಹಿಂದೆ ಸರಿ, ಮುಂದೆ ಬಾ ಎಂದು ಅರ್ಧ ಗಂಟೆ ಕುಣಿಸಿದರು. ಮೇಲೆ ಬಂದಾಗ ದಾವಣಗೆರೆ ಕಡೆಯ ಪ್ರವಾಸಿಯೊಬ್ಬರು ಕಾದು ನಿಂತಿದ್ದರು. ಗುಹೆಯ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. "ಸಾರ್, ನಮ್ದೊಂದು ಸೈಟು ತಕರಾರು ಐತೆ, ಬಂದು ಅಳೆದು ಕೊಡ್ತೀರಾ?"

ಆ ನಕ್ಷೆ ಸಿದ್ಧವಾಯಿತು. ಜಾಲತಾಣದ ಮಿತಿಗೆ ಒಂದು ಕೂದಲೆಳೆ ಕಡಿಮೆ, ಚೌಕಕ್ಕೆ ಮುನ್ನೂರು ಚುಕ್ಕಿ. ನಾನು ಕಂಡ ಅತ್ಯಂತ ಸುಂದರವಾದ ನಕ್ಷೆ ಅದು, ಇದರಲ್ಲಿ ನನಗೆ ಅನುಮಾನವಿಲ್ಲ. ಹಿಗ್ಗಿಸಿ ನೋಡಿದರೆ ಗೋಡೆಯ ಮೇಲೆ ಒಂದೊಂದು ಉಳಿ ಏಟೂ ಕಾಣುತ್ತಿತ್ತು. ನನ್ನ ಕಂಪ್ಯೂಟರು ಅದನ್ನು ತೆರೆಯಲು ಒಂದು ಲೋಟ ಕಾಫಿಯಷ್ಟು ಹೊತ್ತು ತೆಗೆದುಕೊಂಡಿತು. ಬಾಗೂರಿನಲ್ಲಿ ಮಾತ್ರ ತೆರೆಯಲೇ ಇಲ್ಲ. ಬಿಳಿ ಪರದೆ, ನಡುವೆ ತಿರುಗುವ ಚಕ್ರ. ಗುಹೆಯ ಬಾಯಲ್ಲಿ ತಿಪ್ಪಣ್ಣನ ಬಿಲ್ಲೆ ಮಾತ್ರ ನಮಗೆ ಕಾಣುತ್ತಿತ್ತು, ನಿಂತಲ್ಲೇ ನಿಂತಿತ್ತು.

ಮಾವ ಸುಮ್ಮನಿರುವವರೆ? ಎರಡನೇ ಭಾನುವಾರ ನಕ್ಷೆಯನ್ನು ಹದಿನಾರು ಹಾಳೆಗಳಾಗಿ ಕತ್ತರಿಸಿ ಒಂದೊಂದಾಗಿ ಕಳಿಸಿದರು. ತಿಪ್ಪಣ್ಣ ಒಂದು ಹಾಳೆಯ ಅಂಚಿಗೆ ಬಂದು, ಮುಂದಿನ ಹಾಳೆ ಬರುವ ತನಕ ಬಾವಲಿಗಳಿಂದ ಕಚ್ಚಿಸಿಕೊಳ್ಳುತ್ತಾ ನಿಂತ. ಮೂರನೇ ಭಾನುವಾರ ತಪ್ಪು ಸಿಗ್ನಲ್ಲಿನದ್ದು ಎಂದು ನಿರ್ಧರಿಸಿ, ಹೊಳಲ್ಕೆರೆಯಿಂದಲೇ ಫೋನಿನಲ್ಲಿ ಬಾಗೂರಿನ ಮಂಚವನ್ನು ಸರ್ವೆ ಮಾಡಿದರು. ಎರಡು ಆಣೆ ಪೂರ್ವಕ್ಕೆ, ಒಂದು ಆಣೆ ಉತ್ತರಕ್ಕೆ! ಗೌರಮ್ಮನೂ ಅಕ್ಕಪಕ್ಕದವರೂ ಸೇರಿ ತಿಪ್ಪಣ್ಣನ ಸಮೇತ ಮಂಚ ಎತ್ತಿ ಎತ್ತಿ, ಕೊನೆಗೆ ಅಂಗಳದ ಬೇವಿನ ಮರದ ಕೆಳಗೆ ಇಳಿಸಿದರು. ಸಿಗ್ನಲ್ ಬಂತು. ಗುಹೆಯ ಅರ್ಧ ಗೋಡೆ ಮೂಡಿತು. ಫೋನು ಕೈ ಸುಡುವಷ್ಟು ಬಿಸಿಯಾಗಿ ಆರಿಹೋಯಿತು.

ಗೌರಮ್ಮನ ಫೋನಿನಿಂದ ತಿಪ್ಪಣ್ಣ ಮಾತಾಡಿದ. ನಾಲಿಗೆ ಸ್ವಲ್ಪ ದಪ್ಪ, ಆದರೆ ಮಾತು ಸ್ಪಷ್ಟವಾಗಿಯೇ ಇತ್ತು.

"ನನ್ನ ಬಿಟ್ಟು ಆಡ್ರಿ ಸಾಹೇಬ್ರೆ. ನನ್ನಿಂದ ನಿಮ್ಮ ನಕ್ಷೆ ಕೆಡಾದು ಬ್ಯಾಡ."

ಆ ದಿನ ಆಟ ಅಲ್ಲಿಗೇ ನಿಂತಿತು.

ಎರಡು ದಿನ ಬಿಟ್ಟು ನನಗೆ ಫೋನು ಬಂತು. "ರಜ ಹಾಕು. ಬಾಗೂರಿಗೆ ಹೋಗಾಣ." ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಮಾವ ಕಿಟಕಿಯಾಚೆ ಕೈ ತೋರಿಸಿ ಇದು ನಾವು ಅಳೆದದ್ದು, ಅದು ನಾವು ಅಳೆದದ್ದು ಎನ್ನುತ್ತಿದ್ದರು. ನಾನು ಎನ್ನಲಿಲ್ಲ, ನಾವು. ಗೌರಮ್ಮ ಬಾಗಿಲಲ್ಲೇ "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಹಾಕಿದಳು. ಮಾವ ಕುರ್ಚಿ ಬಿಟ್ಟು ಮಂಚದ ಅಂಚಿಗೆ ಕೂತರು. ಮತ್ತೆ ಜೀವ ಬಂದಿದ್ದ ಫೋನು ಕೈಗೆ ತೆಗೆದುಕೊಂಡು, ಹಿಂದಿನ ಒಂದು ನಕ್ಷೆ ತೆಗೆಸಿ, ತಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅಂಗೈ ಅಗಲದ ಸೀಳು ಗಾಜು. ಹುಲ್ಲಿನ ಎಸಳು, ಕಲ್ಲಿನ ಬಿರುಕು, ತಿಂಗಳುಗಟ್ಟಲೆ ಕೂತು ಬರೆದದ್ದೆಲ್ಲ ಅಲ್ಲಿ ಒಂದೇ ಬೂದು ಬಣ್ಣ.

"ಲೇ ತಿಪ್ಪಣ್ಣ, ನಿಜ ಹೇಳು. ಇದ್ರಾಗೆ ನಿನಗೆ ಏನು ಕಾಣ್ತೈತೆ?"

"ಗೋಡೆ ಎಲ್ಲೈತೆ, ಬಾಗ್ಲು ಎಲ್ಲೈತೆ, ಅಷ್ಟು ಕಾಣ್ತೈತೆ. ಉಳಿದದ್ದು ಮಂಜು ಸಾಹೇಬ್ರೆ."

"ಈ ನಡುವೆ ಹಿಂಗೋ?"

"ಮೊದ್ಲಿಂದ್ಲೂ."

"ಮತ್ತೆ ಇಷ್ಟು ದಿನ ಹೇಳ್ಬಾರದಾಗಿತ್ತೇನಲೇ?"

ತಿಪ್ಪಣ್ಣ ಬಲಗೈಯಿಂದ ಹೊದಿಕೆ ಸರಿಮಾಡಿಕೊಂಡ. "ಭಾಳ ಚೆನ್ನಾಗಿ ಬರ್ದೀರಿ ಅಂತ ಇವರೆಲ್ಲ ಅಂತಿದ್ರು. ಬರ್ದಿರ್ತೀರಿ ಅಂತ ನನಗೂ ಗೊತ್ತಲ್ಲ. ನನಗೆ ನಡ್ಯಾಕೆ ಜಾಗ ಇದ್ರೆ ಸಾಕು."

ವಾಪಸ್ಸು ಬರುವಾಗ ಮಾವ ಕಿಟಕಿಯಾಚೆ ಏನನ್ನೂ ತೋರಿಸಲಿಲ್ಲ. ಬಸ್ ಟಿಕೆಟಿನ ಹಿಂದೆ ಪೆನ್ನಿನಲ್ಲಿ ಚೌಕ ಬರೆದು, ಅದರೊಳಗೆ ಚುಕ್ಕಿ ಇಟ್ಟು, ಹೊಡೆದುಹಾಕಿ, ಮತ್ತೆ ಕಡಿಮೆ ಚುಕ್ಕಿ ಇಟ್ಟು ನೋಡುತ್ತಿದ್ದರು.

ಆ ಭಾನುವಾರದ ನಕ್ಷೆ ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ತೆರೆದುಕೊಂಡಿತ್ತು. ಚೌಕಕ್ಕೆ ನಲವತ್ತು ಚುಕ್ಕಿ! ಬಿಳಿ ನೆಲ, ಇದ್ದಿಲಿನಲ್ಲಿ ಎಳೆದಂಥ ದಪ್ಪ ಕಪ್ಪು ಗೆರೆಗಳು. ಗುಹೆ ಇಲ್ಲ, ಕೋಟೆ ಇಲ್ಲ. ಒಂದು ಕೆರೆ, ಕೆರೆಯ ಏರಿ, ಏರಿಯ ಕೆಳಗೆ ಹೊಲಗಳು, ಆಚೆ ತುದಿಯಲ್ಲಿ ಒಂದು ಹುಣಸೆಮರ. ಉಳಿದದ್ದೆಲ್ಲ ಬಯಲು. ಚುಕ್ಕಿ ಉಳಿಸಿದ್ದರಿಂದ ನೆಲ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿತ್ತು. ಸುಧಾ ನನಗೆ ಗುಟ್ಟಾಗಿ, ಇದು ಮಾವನೇ ಬರೆದದ್ದಾ ಎಂದು ಕೇಳಿ ಸಂದೇಶ ಕಳಿಸಿದಳು. ಮಾವ ಎಂದಿನ ದನಿಯಲ್ಲಿ ನಿಯಮ ಓದಿದರು. ಹುಣಸೆಮರದ ಕೆಳಗೆ ರಾಕ್ಷಸ ಮಲಗಿದ್ದಾನೆ. ಯಾರೇ ಹತ್ತು ಚೌಕದೊಳಗೆ ಬಂದರೂ ಎದ್ದು ಮೇಲೆ ಬೀಳುತ್ತಾನೆ. ಅವನ ಒಂದು ಏಟಿಗೆ ನಮ್ಮಲ್ಲಿ ಯಾರೂ ಉಳಿಯುವುದಿಲ್ಲ. ನಿಯಮ ಎಂದರೆ ನಿಯಮ. ಒಮ್ಮೆ ಅರ್ಧ ಚೌಕಕ್ಕಾಗಿ ನನ್ನನ್ನು ಮೊಸಳೆಯ ಬಾಯಿಗೆ ಹಾಕಿದ್ದರು ಈ ಮಹಾರಾಯರು.

ಮೊದಲ ಸರದಿ ತಿಪ್ಪಣ್ಣನದ್ದು. ಬಿಲ್ಲೆ ಆರು ಚೌಕ ನಡೆಯಿತು. ನಾವು ನಮ್ಮ ಸರದಿ ಬಿಟ್ಟುಕೊಟ್ಟೆವು. ಮತ್ತೆ ಆರು. ಅವನು ನಿಧಿ ಎಲ್ಲಿ ಎಂದು ಕೇಳಲಿಲ್ಲ, ಊರು ಎಲ್ಲಿ ಎಂದೂ ಕೇಳಲಿಲ್ಲ. ಏರಿ ಹತ್ತಿ, ಏರಿಯ ಉದ್ದಕ್ಕೂ ಹೋಗಿ, ಆಚೆ ಇಳಿದು, ಬದುಗಳ ಮೇಲೆ ಒಂದೊಂದೇ ಹೊಲ ದಾಟಿದ. ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. ನಿಜವಾಗಿ ನಡೆಯುವವನ ಉಸಿರಿನಂತಿತ್ತು ಎಂದು ನನ್ನ ನೆನಪು. ಇದೊಂದನ್ನು ಸುಧಾಳ ಹತ್ತಿರ ಕೇಳಿ ಖಾತರಿ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ.

ಬಿಲ್ಲೆ ಹುಣಸೆಮರದ ಕಡೆ ತಿರುಗಿತು. ಮರ ಹನ್ನೆರಡು ಚೌಕ ದೂರ ಇತ್ತು, ಈಗ ಆರಕ್ಕೆ ಬಂತು.

ಸುಧಾ ಮೆಲ್ಲಗೆ ಕೇಳಿದಳು. "ಮಾವ, ಹತ್ತರೊಳಗೆ ಬಂದನಲ್ಲ. ರಾಕ್ಷಸ ಏಳಬೇಕಲ್ವಾ?"



"ಮಲಗವ್ನೆ ಬಿಡವ್ವ," ಎಂದರು ಮಾವ. "ಅವನು ನಡೀಲಿ."

ಬಿಲ್ಲೆ ಮರದ ಕೆಳಗೇ ಹಾದು, ಆಚೆ ಬಯಲಿಗೆ ಇನ್ನೂ ಆರು ಚೌಕ ಹೋಯಿತು.